ಇಡಿಟರಾಡ್‌ಗೆ ಕೈಜೋಡಿಸುವ ಮುಂಚೆ ಇಷ್ಟು ಗೊತ್ತಿರಲಿ

ರಾಘು ಅವರೇ, ಮನೆಯಲ್ಲಿ ಮುಧೋಳ ನಾಯಿ ಸಾಕಿದ ಅನುಭವ ಇದೆ, ಮಾರ್ಚ್‌ನಲ್ಲಿ ಸಿಯಾಟಲ್‌ನಿಂದ ಅಲಾಸ್ಕಾಗೆ ಬಂದು ಹಿಮದ ಮೇಲೆ ನಾಯಿಗಳು ಜಾರುಬಂಡಿ ಎಳೆಯುವ ಇಡಿಟರಾಡ್ ರೇಸ್‌ನಲ್ಲಿ ಸ್ವಯಂಸೇವಕನಾಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಬನ್ನಿ. ನಾನು ಆಂಕರೇಜ್‌ನಲ್ಲೇ ಇದ್ದೇನೆ, ನಾಲ್ಕು ವರ್ಷದಿಂದ ಈ ಕೆಲಸಕ್ಕೆ ಹೋಗುತ್ತಿದ್ದೇನೆ.

ಮೊದಲ ಸಲವೇ ಒಳನಾಡಿನ ಚೆಕ್‌ಪಾಯಿಂಟ್ (ಓಟದ ದಾರಿಯಲ್ಲಿ ತಂಡಗಳು ನಿಲ್ಲುವ ಜಾಗ) ಕೇಳಬೇಡಿ. ಹೆಚ್ಚಿನ ಕಡೆ ರಸ್ತೆಯೇ ಇಲ್ಲ, ಪುಟ್ಟ ವಿಮಾನದಲ್ಲೇ ಹೋಗಬೇಕು. ಅದೇ ವಿಮಾನಗಳಲ್ಲಿ ನಾಯಿಗಳ ಆಹಾರ, ಒಣಹುಲ್ಲು, ಪಶುವೈದ್ಯರು ಎಲ್ಲಾ ಹೋಗಬೇಕು, ಹಾಗಾಗಿ ಜಾಗ ಕಡಿಮೆ. (ಆ ಪೈಲಟ್‌ಗಳೂ ಸ್ವಯಂಸೇವಕರೇ. ಅವರನ್ನು ನೋಡಿದರೆ ನನಗೆ ತುಂಬಾ ಗೌರವ.) ನೀವು ಆಂಕರೇಜ್‌ನ ಕೆಲಸಕ್ಕೇ ಹೆಸರು ಕೊಡಿ.

ಮಾರ್ಚ್‌ನ ಮೊದಲ ಶನಿವಾರ ಊರಿನ ಮಧ್ಯದಲ್ಲಿ ಮೆರವಣಿಗೆ ಥರದ ಆರಂಭ ಇರುತ್ತದೆ. ಮಾರನೇ ದಿನ ವಿಲೋ ಅನ್ನೋ ಊರಿಂದ ನಿಜವಾದ ಓಟ ಶುರು, ನೋಮ್‌ವರೆಗೆ ಸುಮಾರು 1600 ಕಿಲೋಮೀಟರ್. ಶನಿವಾರ ಓಟದ ನಾಯಿಗಳನ್ನು ಹಗ್ಗ ಹಿಡಿದು ತಡೆಯುವವರು ಬಹಳ ಜನ ಬೇಕು, ಅದಕ್ಕೆ ಮುಂಚೆ ತರಬೇತಿ ಕೊಡುತ್ತಾರೆ. ಇವು ಪಟದಲ್ಲಿ ಕಾಣುವ ದಪ್ಪ ತುಪ್ಪಳದ ಹಸ್ಕಿಗಳಲ್ಲ, ತೆಳ್ಳಗಿನ ಬೆರಕೆ ಓಟಗಾರ ನಾಯಿಗಳು. ಗಾಡಿಗೆ ಕಟ್ಟಿದ ಕೂಡಲೇ ಕಿರುಚುತ್ತವೆ, ನೆಗೆಯುತ್ತವೆ, ಹಗ್ಗ ಜಗ್ಗುತ್ತವೆ. ಅವನ್ನು ಓಡಿಸುವುದು ಕಷ್ಟ ಅಲ್ಲ, ತಡೆದು ನಿಲ್ಲಿಸುವುದು ಕಷ್ಟ. ನಾವು ಊರಲ್ಲಿ ಮಾಡುವ ಹಾಗೆ ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳಲೇಬೇಡಿ. ಬಿದ್ದರೆ ಕೈ ಬಿಟ್ಟು ಪಕ್ಕಕ್ಕೆ ಉರುಳಿ, ಹಿಂದೆ ಜಾರುಬಂಡಿ ಬರುತ್ತಿರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ವಾಪಸ್ ಬಂದ ನಾಯಿಗಳನ್ನು ನೋಡಿಕೊಳ್ಳುವುದು. ಕಾಲು ಉಳುಕಿದ, ಸುಸ್ತಾದ, ಊಟ ಬಿಟ್ಟ ನಾಯಿಯನ್ನು ಮಷರ್ (ಜಾರುಬಂಡಿ ಓಡಿಸುವವರು) ಚೆಕ್‌ಪಾಯಿಂಟ್‌ನಲ್ಲೇ ಬಿಡುತ್ತಾರೆ, ಅದರ ಬದಲಿಗೆ ಬೇರೆ ನಾಯಿ ಸೇರಿಸುವ ಹಾಗಿಲ್ಲ. ಅದು ವಿಮಾನದಲ್ಲಿ ಆಂಕರೇಜ್‌ಗೆ ಬರುತ್ತದೆ, ಮಾಲೀಕರ ಕಡೆಯವರು ಬರುವ ತನಕ ನಮ್ಮ ಜವಾಬ್ದಾರಿ. ಹುಲ್ಲು ಹಾಸಿ, ನೀರು ಕುಡಿಸಿ, ಕಕ್ಕ ಬಾಚಿ. ಕಕ್ಕ ನೀರಾಗಿದ್ದರೆ ತಕ್ಷಣ ವೈದ್ಯರಿಗೆ ಹೇಳಿ, ಅದು ಸಣ್ಣ ವಿಷಯ ಅಲ್ಲ. ಹೋದ ವರ್ಷ ಒಂದು ಹೆಣ್ಣು ನಾಯಿ, ಮುಂಗಾಲಿನ ಕೀಲು ಊದಿತ್ತು, ಹುಲ್ಲನ್ನು ಮೂರು ಸಲ ಕೆದರಿ ಸುತ್ತು ಹಾಕಿ ಮಲಗಿತು, ಆಮೇಲೆ ಮೂಗನ್ನು ಬಾಲದೊಳಗೆ ಹುದುಗಿಸಿಕೊಂಡು ಆರು ಗಂಟೆ ಏಳಲೇ ಇಲ್ಲ. ಮಲಗಿದ ನಾಯಿಯನ್ನು ಮುದ್ದು ಮಾಡಲು ಹೋಗಬೇಡಿ. ಅದಕ್ಕೆ ಬೇಕಾಗಿರುವುದು ನಿದ್ದೆ.

ಮುಂದೆ ಯಾವತ್ತಾದರೂ ಚೆಕ್‌ಪಾಯಿಂಟ್ ಸಿಕ್ಕರೆ ಇದೊಂದು ನೆನಪಿಡಿ: ಓಟದಲ್ಲಿರುವ ನಾಯಿಗೆ ಊಟ ಹಾಕುವುದು, ಪಾದಕ್ಕೆ ಬೂಟಿ (ಬಟ್ಟೆಯ ಚೀಲ) ತೊಡಿಸುವುದು ಮಷರ್‌ದೇ ಕೆಲಸ. ಅವರು ಎಷ್ಟೇ ದಣಿದಿದ್ದರೂ ನೀವು ಕೈ ಹಾಕಬೇಡಿ. ಪಾಪ ಅನ್ನಿಸುತ್ತದೆ, ನಿಜ. ಆದರೆ ನಿಮ್ಮ ಸಹಾಯದಿಂದ ಅವರಿಗೇ ತೊಂದರೆ. ಅವರು ಹೊರಟ ಮೇಲೆ ಹುಲ್ಲು ಬಾಚುವುದು ನಮ್ಮ ಪಾಲು.

ವಿಲೋ ನೋಡುವ ಆಸೆ ಇದ್ದರೆ ರದ್ದು ಮಾಡಬಹುದಾದ ಟಿಕೆಟ್ಟೇ ತಗೊಳ್ಳಿ. ದಾರಿಯಲ್ಲಿ ಹಿಮ ಸಾಲದೆ 2003, 2015, 2017, 2025ರಲ್ಲಿ ಓಟ ವಿಲೋ ಬದಲು ಫೇರ್‌ಬ್ಯಾಂಕ್ಸ್ ಊರಿಂದ ಹೊರಟಿತ್ತು. ಹತ್ತಿ ಕಾಲುಚೀಲ ಬೇಡ, ಒದ್ದೆಯಾದರೆ ಬೆರಳು ಮರಗಟ್ಟುತ್ತವೆ, ಉಣ್ಣೆಯದೇ ತನ್ನಿ. ದಪ್ಪ ಬೂಟು ನನ್ನ ಹತ್ತಿರ ಇನ್ನೊಂದು ಜೊತೆ ಇದೆ, 9ನೇ ಸೈಜ್. ಆಗುವುದಾದರೆ ಹೇಳಿ, ತೆಗೆದಿಟ್ಟಿರುತ್ತೇನೆ.