ಸ್ಪೀಡ್‌ವೇ ಲೀಗ್‌ನಲ್ಲಿ ಮೂರನೆಯವನನ್ನು ನೋಡಿ

"ಬ್ರೇಕೇ ಇಲ್ಲದ ಬೈಕ್, ನಾಲ್ಕು ಸುತ್ತು, ಒಂದು ನಿಮಿಷ. ಇದನ್ನು ನೋಡೋಕೆ ಜನ ಸೀಸನ್ ಪೂರ್ತಿ ಯಾಕೆ ಹೋಗ್ತಾರೆ? ನಾನು ಮ್ಯಾಂಚೆಸ್ಟರ್‌ಗೆ ಬರ್ತಿದ್ದೀನಿ, ಒಂದ್ಸಲ ನೋಡಬಹುದಾ?" ಎಂದು ಸ್ಪೀಡ್‌ವೇ ಬಗ್ಗೆ ಕೇಳಿದ್ದೀರಿ. ಮಣ್ಣಿನ ಅಂಡಾಕಾರದ ಟ್ರ್ಯಾಕ್‌ನಲ್ಲಿ ನಾಲ್ವರು ಓಡಿಸುವ ಬೈಕ್ ಓಟ ಅದು.

ಖಂಡಿತ ನೋಡಿ. ಆದರೆ ಒಂದೇ ಸಲ ನೋಡಿದರೆ ನಿಮ್ಮ ಪ್ರಶ್ನೆ ಹಾಗೇ ಉಳಿಯುತ್ತದೆ. ನನಗೂ ಹಾಗೇ ಆಗಿತ್ತು. 2022ರಲ್ಲಿ ಆಫೀಸಿನ ಹಿರಿಯರೊಬ್ಬರು ಬಿಡದೆ ಬೆಲ್ ವ್ಯೂ ಏಸಸ್ ತಂಡದ ಪಂದ್ಯಕ್ಕೆ ಕರೆದುಕೊಂಡು ಹೋದರು. ಮ್ಯಾಂಚೆಸ್ಟರ್‌ನ ಗಾರ್ಟನ್‌ನಲ್ಲಿರುವ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂ, ಸೋಮವಾರ ಸಂಜೆ. ನಾನು ಮೈಸೂರಿನವನು, ಅಪ್ಪನ ಯೆಜ್ಡಿ ಸದ್ದು ಕೇಳುತ್ತಾ ಬೆಳೆದವನು. ಬೈಕ್ ಬಗ್ಗೆ ನನಗೇನು ಹೇಳಿಕೊಡ್ತಾರೆ ಅನ್ನುವ ಜಂಬ ಇತ್ತು. ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಗೆ ಹೆಸರು ಕೊಟ್ಟ ಆ ಜೆಕ್ ಜಾವಾ ದಶಕಗಟ್ಟಲೆ ಸ್ಪೀಡ್‌ವೇ ಬೈಕನ್ನೂ ಮಾಡಿದೆ ಅಂತ ಅವರೇ ಹೇಳಿದ ಮೇಲೆ ಸುಮ್ಮನಾದೆ. ಈಗ ಹೆಚ್ಚಿನವರು ಓಡಿಸುವುದು ಇಟಲಿಯ ಜಿಎಂ ಎಂಜಿನ್.

ಬೈಕ್ ವಿಷಯ ಬೇಗ ಮುಗಿಸುತ್ತೇನೆ. 500 ಸಿಸಿ, ಒಂದೇ ಸಿಲಿಂಡರ್, ಒಂದೇ ಗೇರ್, ಕುಡಿಯುವುದು ಮೆಥನಾಲ್. ತೂಕ 77 ಕೆಜಿಗಿಂತ ಕಡಿಮೆ ಇರುವಂತಿಲ್ಲ. ಬ್ರೇಕ್ ಇಲ್ಲದಿರುವುದು ಹುಚ್ಚುತನ ಅಲ್ಲ. ಮುಂದಿರುವವನು ತಟ್ಟನೆ ಬ್ರೇಕ್ ಹಾಕಿದರೆ ಹಿಂದಿನ ಮೂವರೂ ಅವನ ಮೇಲೇ ಬಂದು ಬೀಳುತ್ತಾರೆ, ಅಲ್ವಾ? ತಿರುವಿನಲ್ಲಿ ಹಿಂದಿನ ಚಕ್ರವನ್ನು ಹೊರಕ್ಕೆ ಜಾರಿಸುತ್ತಾರೆ. ಬೈಕ್ ಎಡಕ್ಕೆ ತಿರುಗುತ್ತಿರುತ್ತದೆ, ಮುಂದಿನ ಚಕ್ರ ಬಲಕ್ಕೆ ನೋಡುತ್ತಿರುತ್ತದೆ. ಎಡಗಾಲಿಗೆ ಉಕ್ಕಿನ ಅಟ್ಟೆ ಕಟ್ಟಿಕೊಂಡು ಅದನ್ನು ನೆಲಕ್ಕೆ ಒರೆಸುತ್ತಾ ಹೋಗುತ್ತಾರೆ.

ಆ ಮೊದಲ ಸಂಜೆ ನಾನು ಎಲ್ಲರ ಹಾಗೆ ಮುಂದಿರುವವನನ್ನೇ ನೋಡಿದೆ. ಮೊದಲ ತಿರುವಿನಲ್ಲಿ ಯಾರು ಮುಂದೆ ಬಂದರೋ ಬಹಳ ಸಲ ಅವರೇ ಗೆದ್ದರು. ಬೋರ್ ಆಯಿತು. ಆರನೇ ಓಟದ ಹೊತ್ತಿಗೆ ಪಕ್ಕದಲ್ಲಿದ್ದ ಹಿರಿಯರು ನನ್ನ ಕೈಗೆ ಪೆನ್ಸಿಲ್ ಕೊಟ್ಟು, "ಗೆಲ್ಲೋನನ್ನ ಬಿಡು, ಮೂರನೆಯವನನ್ನ ನೋಡು" ಅಂದರು.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ.

ಒಂದು ಪಂದ್ಯದಲ್ಲಿ 15 ಓಟ, ಇವರು ಹೀಟ್ ಅನ್ನುತ್ತಾರೆ. ಪ್ರತಿ ಹೀಟ್‌ಗೆ ಎರಡು ತಂಡದಿಂದ ಇಬ್ಬಿಬ್ಬರು. ನಮ್ಮವರ ಹೆಲ್ಮೆಟ್ ಕೆಂಪು, ನೀಲಿ. ಬಂದವರದು ಬಿಳಿ, ಹಳದಿ. ಮೊದಲು ಬಂದವನಿಗೆ 3 ಪಾಯಿಂಟ್, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಅಂದರೆ ಹೀಟ್‌ಗೆ 6, ಪಂದ್ಯಕ್ಕೆ 90. ನಮ್ಮವನು ಗೆದ್ದು, ಎದುರಾಳಿಗಳಿಬ್ಬರು ಎರಡು-ಮೂರು ಬಂದು, ನಮ್ಮ ಇನ್ನೊಬ್ಬ ಕೊನೆಗೆ ಬಂದರೆ 3-3, ಏನೂ ಲಾಭ ಇಲ್ಲ. ಆ ಕೊನೆಯವನು ಒಬ್ಬನನ್ನು ಹಿಂದೆ ಹಾಕಿದರೆ 4-2. ಪಂದ್ಯಗಳು 46-44ಕ್ಕೂ ಮುಗಿಯುತ್ತವೆ. ಹಾಗಾಗಿ ಯಾರ ಕಣ್ಣಿಗೂ ಬೀಳದ ಆ ಒಂದು ಪಾಯಿಂಟ್ ಪಂದ್ಯವನ್ನೇ ತಿರುಗಿಸಬಹುದು.

ಅವತ್ತೇ ಒಂದು ಹೀಟ್ ನೋಡಿದೆ. ನಮ್ಮ ಕೆಂಪು ಹೆಲ್ಮೆಟ್ ಎಲ್ಲೋ ಮುಂದೆ ಹೋಗಿಬಿಟ್ಟಿತ್ತು. ನೀಲಿ ಹೆಲ್ಮೆಟ್‌ನ ಹುಡುಗ, ರಿಸರ್ವ್ (ತಂಡದ ಏಳು ಜನರಲ್ಲಿ ಕೊನೆಯ ಎರಡು ಸ್ಥಾನದವರನ್ನು ಹೀಗನ್ನುತ್ತಾರೆ), ಕೊನೆಯಲ್ಲಿದ್ದ. ಮೂರು ಸುತ್ತು ಒಳಗಿನಿಂದ ನುಗ್ಗೋಕೆ ನೋಡಿದ, ದಾರಿ ಸಿಗಲಿಲ್ಲ. ನಾಲ್ಕನೇ ಸುತ್ತಿಗೆ ಬೇಲಿಯ ಪಕ್ಕಕ್ಕೇ ಹೋದ. ಅಲ್ಲಿ ಸಡಿಲ ಮಣ್ಣು ಗುಡ್ಡೆಯಾಗಿತ್ತು, ಚಕ್ರಕ್ಕೆ ಹಿಡಿತ ಸಿಕ್ಕಿತು. ಗೆರೆ ದಾಟುವಾಗ ಹಳದಿಗಿಂತ ಅರ್ಧ ಚಕ್ರ ಮುಂದಿದ್ದ. ಗೆದ್ದವನು ಆಗಲೇ ಆಕ್ಸಿಲರೇಟರ್ ಬಿಟ್ಟು ಕೈ ಬೀಸುತ್ತಿದ್ದ, ಅವನನ್ನು ಯಾರೂ ನೋಡಲಿಲ್ಲ. ಸ್ಟ್ಯಾಂಡ್ ಪೂರ್ತಿ ಎದ್ದು ನಿಂತು ಕೂಗಿದ್ದು ಆ ಮೂರನೆಯವನಿಗೆ. ನನ್ನ ಟೀ ಲೋಟದ ತುಂಬಾ ಮಣ್ಣು.

ಇನ್ನೊಂದು ಚೆಂದದ ಲೆಕ್ಕ ಇದೆ. ಸ್ವಂತ ತಂಡದವನ ಹಿಂದೆಯೇ ಬಂದು, ಎದುರಾಳಿಯನ್ನು ಹಿಂದೆ ಹಾಕಿದವನಿಗೆ ಒಂದು ಬೋನಸ್. ತಂಡದ ಸ್ಕೋರ್‌ಗೆ ಅದು ಸೇರುವುದಿಲ್ಲ. ಆದರೆ ರೈಡರ್‌ಗಳ ಸಂಪಾದನೆ ಪಾಯಿಂಟ್ ಮೇಲೆ, ಹಾಗಾಗಿ ಬೋನಸ್‌ಗೂ ದುಡ್ಡು ಬರುತ್ತದೆ. ಜೊತೆಗಾರನ ಜೊತೆಗೇ ಜಗಳಕ್ಕೆ ಬೀಳದಿರಲಿ ಅಂತ ಮಾಡಿದ್ದು. ಏಳು ಪಾಯಿಂಟ್, ಒಂದು ಬೋನಸ್ ಆದರೆ ನನ್ನ ಪ್ರೋಗ್ರಾಂ ಪುಸ್ತಕದಲ್ಲಿ ಅದನ್ನು 7+1 ಅಂತ ಬರೆದುಕೊಳ್ಳುತ್ತೇನೆ.

ಈಗ ಸೀಸನ್ ವಿಷಯ. ಪ್ರತಿ ರೈಡರ್‌ಗೂ ಅವನು ಗಳಿಸಿದ ಪಾಯಿಂಟ್‌ಗಳ ಒಂದು ಸರಾಸರಿ ಇರುತ್ತದೆ. ತಂಡ ಕಟ್ಟುವಾಗ ಏಳು ಜನರ ಸರಾಸರಿ ಕೂಡಿಸಿದರೆ ಒಂದು ಮಿತಿ ದಾಟುವಂತಿಲ್ಲ. ಚೆನ್ನಾಗಿ ಓಡಿಸಿದ ತಂಡದ ಸರಾಸರಿ ಏರುತ್ತದೆ, ಮುಂದಿನ ವರ್ಷ ಯಾರನ್ನಾದರೂ ಬಿಡಲೇಬೇಕಾಗುತ್ತದೆ. ಗೆದ್ದಿದ್ದಕ್ಕೇ ಶಿಕ್ಷೆ ಅನ್ನಿಸುತ್ತದೆ, ನನಗಂತೂ ಇದು ಇವತ್ತಿಗೂ ಇಷ್ಟವಿಲ್ಲ. 2021ರ ಚಾಂಪಿಯನ್ ಪೀಟರ್‌ಬರೋ 2022ರಲ್ಲಿ ಪ್ಲೇಆಫ್‌ಗೂ ಬರಲಿಲ್ಲ. ಆ ವರ್ಷ ಪ್ರೀಮಿಯರ್‌ಶಿಪ್‌ನಲ್ಲಿ, ಅಂದರೆ ಬ್ರಿಟನ್‌ನ ಮೇಲ್ದರ್ಜೆಯ ಸ್ಪೀಡ್‌ವೇ ಲೀಗ್‌ನಲ್ಲಿ, ಇದ್ದದ್ದೇ ಆರು ತಂಡ, ಮೊದಲ ನಾಲ್ಕಕ್ಕೆ ಪ್ಲೇಆಫ್.

ರೈಡರ್‌ಗಳ ವಾರ ಕೇಳಿದರೆ ತಲೆ ತಿರುಗುತ್ತದೆ. ಭಾನುವಾರ ಪೋಲೆಂಡ್, ಸೋಮವಾರ ಮ್ಯಾಂಚೆಸ್ಟರ್, ಮಂಗಳವಾರ ಸ್ವೀಡನ್. ದೊಡ್ಡ ದುಡ್ಡು ಇರುವುದು ಪೋಲೆಂಡ್‌ನಲ್ಲಿ. ಬೈಕು, ಎಂಜಿನ್, ಮೆಕ್ಯಾನಿಕ್, ವ್ಯಾನು ಎಲ್ಲ ಅವರವರ ಖರ್ಚು. ನಾನು ನೋಡಲು ಶುರುಮಾಡಿದ ವರ್ಷ ಬೆಲ್ ವ್ಯೂಗೆ ಆಸ್ಟ್ರೇಲಿಯಾದ ಮ್ಯಾಕ್ಸ್ ಫ್ರಿಕ್ ಮತ್ತು ಬ್ರೇಡಿ ಕರ್ಟ್ಜ್ ಓಡಿಸುತ್ತಿದ್ದರು. ಅಕ್ಟೋಬರ್‌ನಲ್ಲಿ ಶೆಫೀಲ್ಡ್ ವಿರುದ್ಧದ ಫೈನಲ್ ಗೆದ್ದರು. ಫೈನಲ್‌ಗೂ ಎರಡು ಪಂದ್ಯ, ಇಲ್ಲೊಂದು ಅಲ್ಲೊಂದು, ಎರಡರ ಸ್ಕೋರ್ ಕೂಡಿಸಿ ತೀರ್ಮಾನ. ಏಸಸ್‌ಗೆ 1993ರ ನಂತರ ಅದೇ ಮೊದಲ ಪಟ್ಟ. 29 ವರ್ಷ ಕಾದವರ ನಡುವೆ ಆರು ತಿಂಗಳ ಅಭಿಮಾನಿಯಾದ ನಾನು ಸ್ವಲ್ಪ ಜಾಸ್ತಿಯೇ ಕುಣಿದೆ, ಈಗ ನೆನೆದರೆ ನಾಚಿಕೆ.

ಒಂದು ಎಚ್ಚರಿಕೆ: ಮಳೆ. ಟ್ರ್ಯಾಕ್ ಕೆಸರಾದರೆ ಪಂದ್ಯ ರದ್ದು. ಮ್ಯಾಂಚೆಸ್ಟರ್ ಮಳೆ ನಿಮಗೆ ಬಂದ ಮೇಲೆ ಗೊತ್ತಾಗುತ್ತದೆ. ಹೊರಡುವ ಮುಂಚೆ ಕ್ಲಬ್‌ನ ಪುಟ ನೋಡಿ. ನಾನು ಎರಡು ಸಲ ಬಸ್‌ನಲ್ಲಿ ಕೂತ ಮೇಲೆ ರದ್ದಾದ ಸುದ್ದಿ ಓದಿದ್ದೇನೆ.

ಬರುವುದು ಮಾರ್ಚ್ ಕೊನೆಯಿಂದ ಅಕ್ಟೋಬರ್ ಒಳಗೆ ಇರಲಿ, ಚಳಿಗಾಲದಲ್ಲಿ ಏನೂ ನಡೆಯುವುದಿಲ್ಲ. ತಿರುವಿನ ಹತ್ತಿರ ನಿಲ್ಲುವುದಾದರೆ ಬಿಳಿ ಅಂಗಿ ಬೇಡ. ಪ್ರೋಗ್ರಾಂ ತಪ್ಪದೆ ಕೊಳ್ಳಿ, ಪೆನ್ಸಿಲ್ ಮನೆಯಿಂದಲೇ ತನ್ನಿ. ಎರಡನೇ ಹೀಟ್ ಶುರುವಾಗುವುದರೊಳಗೆ ಸ್ಟ್ಯಾಂಡ್‌ನಲ್ಲಿರಿ. ಅದು ರಿಸರ್ವ್‌ಗಳ ಹೀಟ್. ತಡವಾಗಿ ಬರುವವರು ಅದನ್ನೇ ತಪ್ಪಿಸಿಕೊಳ್ಳುತ್ತಾರೆ.