ಜಠರದ ಸೋಂಕು ಮೈಯೆಲ್ಲ ಹರಡುತ್ತದೆಯೇ? ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಎಂಡೋಸ್ಕೋಪಿಯಲ್ಲಿ ಎಚ್. ಪೈಲೋರಿ ಸೋಂಕು ಕಂಡುಬಂದಿದೆ. ರಕ್ತದಲ್ಲಿ ಉರಿಯೂತ ಸೂಚಿಸುವ ಸಿಆರ್‌ಪಿ ತುಸು ಹೆಚ್ಚಿದೆ. ಸುಸ್ತು, ಕೀಲುನೋವೂ ಇದೆ. ಎಲ್ಲಕ್ಕೂ ಈ ಬ್ಯಾಕ್ಟೀರಿಯಾವೇ ಮೂಲವೇ?

ಉತ್ತರ: ಸುಸ್ತಿಗೆ ಇರಬಹುದು. ಕೀಲುನೋವನ್ನೂ ಅದರ ತಲೆಗೆ ಕಟ್ಟಬೇಡಿ. ಈ ಬ್ಯಾಕ್ಟೀರಿಯಾ ಯೂರಿಯೇಸ್ ಕಿಣ್ವದಿಂದ ಅಮೋನಿಯಾ ತಯಾರಿಸಿ, ಸುತ್ತಲಿನ ಆಮ್ಲವನ್ನು ತಗ್ಗಿಸಿಕೊಂಡು ಜಠರದ ಲೋಳೆಪದರದಲ್ಲೇ ಬೀಡುಬಿಡುತ್ತದೆ, ಮೈಯೆಲ್ಲ ಹರಿದಾಡುವುದಿಲ್ಲ. ದೇಹ ಬಿಳಿರಕ್ತಕಣಗಳನ್ನು ಕಳಿಸುತ್ತಲೇ ಇದ್ದರೂ ಅದು ಜಾಗ ಬಿಡದ ಕಾರಣ ಅಲ್ಲಿಯ ಉರಿಯೂತ ವರ್ಷಗಟ್ಟಲೆ ಉಳಿಯುತ್ತದೆ. ಅದರಿಂದ ಕೆಲವರಲ್ಲಿ ಸಿಆರ್‌ಪಿ ಸ್ವಲ್ಪ ಏರುವುದುಂಟು. ಆದರೆ ಬೊಜ್ಜು, ಧೂಮಪಾನ, ಒಸಡಿನ ಸೋಂಕು, ಮೊನ್ನೆ ಮೊನ್ನೆ ಬಂದುಹೋದ ಜ್ವರವೂ ಅದನ್ನು ಏರಿಸುತ್ತವೆ. ಕೀಲು ಊದಿದ್ದರೆ, ಬೆಳಗ್ಗೆ ಅರ್ಧ ಗಂಟೆ ಮೀರಿ ಬಿಗಿದಿರುತ್ತಿದ್ದರೆ ಪ್ರತ್ಯೇಕ ತಪಾಸಣೆ ಮಾಡಿಸಲೇಬೇಕು.

ಜಠರದ ಹೊರಗೆ ಗಟ್ಟಿ ಆಧಾರವಿರುವ ನಂಟು ಮುಖ್ಯವಾಗಿ ಮೂರು: ಕಾರಣ ತಿಳಿಯದ ಕಬ್ಬಿಣಾಂಶದ ಕೊರತೆ, ಬಿ12 ಕೊರತೆ, ಮತ್ತು ಪ್ಲೇಟ್‌ಲೆಟ್ ಕುಸಿಯುವ ಐಟಿಪಿ. ಆಮ್ಲ ಕಡಿಮೆಯಾದರೆ ಕಬ್ಬಿಣ ಸರಿಯಾಗಿ ಹೀರಿಕೆಯಾಗದು. ಹುಣ್ಣಿದ್ದರೆ ರಕ್ತವೂ ಸೋರುತ್ತದೆ. ಹಾಗಾಗಿ ನಿಮ್ಮ ಸುಸ್ತಿಗೆ ಹಿಮೋಗ್ಲೋಬಿನ್, ಬಿ12, ಮತ್ತು ದೇಹದಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ನೋಡಿಸಿ. ಉರಿಯೂತವಿದ್ದಾಗ ಫೆರಿಟಿನ್ ತಾನಾಗಿ ಏರಿ ಕೊರತೆಯನ್ನು ಮುಚ್ಚಿಡುತ್ತದೆ. ಹಾಗಾಗಿ ರಕ್ತದಲ್ಲಿ ಸಾಗುತ್ತಿರುವ ಕಬ್ಬಿಣದ ಪ್ರಮಾಣ ತಿಳಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಪರೀಕ್ಷೆಯನ್ನೂ ಕೇಳಿ. ಹೃದ್ರೋಗ, ಮಧುಮೇಹದ ಜೊತೆಗಿನ ನಂಟಿನ ಬಗ್ಗೆ ಅಧ್ಯಯನಗಳಿವೆಯಾದರೂ, ಸೋಂಕು ಕಳೆದರೆ ಆ ಕಾಯಿಲೆಗಳು ತಪ್ಪುತ್ತವೆ ಎಂಬುದು ಸಾಬೀತಾಗಿಲ್ಲ. ಚಿಕಿತ್ಸೆಗೆ ಅದಕ್ಕಿಂತ ದೊಡ್ಡ ಕಾರಣವಿದೆ: 1994ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಸೋಂಕನ್ನು ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ.

ಪ್ರಶ್ನೆ: 14 ದಿನ ಮಾತ್ರೆ ನುಂಗಿದೆ. ಆದರೂ ರಕ್ತಪರೀಕ್ಷೆ ಪಾಸಿಟಿವ್. ಚಿಕಿತ್ಸೆ ವ್ಯರ್ಥವಾಯಿತೇ?

ಉತ್ತರ: ಆ ವರದಿಯಿಂದ ಹಾಗೆ ಹೇಳಲಾಗದು. ರಕ್ತದಲ್ಲಿ ಅಳೆಯುವುದು ಪ್ರತಿಕಾಯವನ್ನು. ಬ್ಯಾಕ್ಟೀರಿಯಾ ಸತ್ತ ಮೇಲೂ ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತದೆ. ಯೂರಿಯಾ ಉಸಿರಿನ ಪರೀಕ್ಷೆ ಅಥವಾ ಮಲದ ಆಂಟಿಜೆನ್ ಪರೀಕ್ಷೆ ಮಾಡಿಸಿ, ಅದೂ ಆಂಟಿಬಯಾಟಿಕ್ ಮುಗಿದು ಕನಿಷ್ಠ 4 ವಾರ ಕಳೆದ ಮೇಲೆ. ಈ ಸೋಂಕಿಗೆ ಕೊಡುವ ಇನ್ನೊಂದು ಔಷಧ ಬಿಸ್ಮತ್ ನಿಲ್ಲಿಸಿಯೂ 4 ವಾರ ಆಗಿರಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆಗಳನ್ನು ವೈದ್ಯರ ಒಪ್ಪಿಗೆ ಪಡೆದು 2 ವಾರ ಮೊದಲೇ ನಿಲ್ಲಿಸಿ. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಸಾಯದೆ ಬರೀ ಅಡಗಿಕೊಂಡು, ವರದಿ ಸುಳ್ಳು ನೆಗೆಟಿವ್ ಬರಬಹುದು. ನಾವು ಕಾಣುವ ಎಡವಟ್ಟುಗಳಲ್ಲಿ ಇದೇ ಹೆಚ್ಚು.

ನಿಜಕ್ಕೂ ಉಳಿದಿದ್ದರೆ ಹಳೆಯ ಚೀಟಿಯನ್ನೇ ಮತ್ತೆ ತೋರಿಸಿ ಮಾತ್ರೆ ಕೊಳ್ಳಬೇಡಿ. ಒಮ್ಮೆ ಸೋತ ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್‌ಗೆ ಬ್ಯಾಕ್ಟೀರಿಯಾ ಒಗ್ಗಿಹೋಗಿರುವ ಸಂಭವ ಹೆಚ್ಚು. ಆಮ್ಲ ತಗ್ಗಿಸುವ ಔಷಧ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ಸೇರಿದ 14 ದಿನಗಳ ನಾಲ್ಮದ್ದಿನ ಚಿಕಿತ್ಸೆಯನ್ನು ವೈದ್ಯರು ಪರಿಗಣಿಸಬಹುದು. ಆಮ್ಲದ ಮಾತ್ರೆ ದಿನಕ್ಕೆರಡು ಬಾರಿ, ಊಟಕ್ಕೆ ಅರ್ಧ ಗಂಟೆ ಮೊದಲು. ಟೆಟ್ರಾಸೈಕ್ಲಿನ್ ಜೊತೆ ಹಾಲು, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಬೇಡ, ಅವು ಅದನ್ನು ಹಿಡಿದಿಟ್ಟು ಹೀರಿಕೆಯಾಗಲು ಬಿಡುವುದಿಲ್ಲ. ಗರ್ಭಿಣಿಯರಿಗೆ, 8 ವರ್ಷದೊಳಗಿನ ಮಕ್ಕಳಿಗೆ ಟೆಟ್ರಾಸೈಕ್ಲಿನ್ ಸಲ್ಲದು. ಮೆಟ್ರೊನಿಡಜೋಲ್ ನಡೆಯುವಾಗ, ಮುಗಿದ 3 ದಿನದವರೆಗೂ ಮದ್ಯ ಮುಟ್ಟಬೇಡಿ. ಬಾಯಲ್ಲಿ ಲೋಹದ ರುಚಿ ಬರುವುದು ಸಾಮಾನ್ಯ, ಅದಕ್ಕೆಂದು ಅರ್ಧಕ್ಕೆ ಬಿಡಬೇಡಿ.

ಬಿಸ್ಮತ್‌ನಿಂದ ಮಲ ಕಪ್ಪಾಗುತ್ತದೆ, ಹೆದರಬೇಕಿಲ್ಲ. ಆದರೆ ಡಾಂಬರಿನಂತೆ ಅಂಟಂಟಾಗಿ ದುರ್ವಾಸನೆಯಿದ್ದರೆ, ಅಥವಾ ತಲೆ ಸುತ್ತಿದರೆ ಅದು ರಕ್ತಸ್ರಾವವಿರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಪ್ರೊಬಯಾಟಿಕ್ ಒಂದರಿಂದಲೇ ಈ ಸೋಂಕು ಹೋಗುತ್ತದೆಯೇ?

ಉತ್ತರ: ಅದನ್ನೇ ನಂಬಿ ಕೂರುವಂತಿಲ್ಲ. ಆಂಟಿಬಯಾಟಿಕ್ ತರುವ ಭೇದಿಯನ್ನು ಕೆಲವರಲ್ಲಿ ಕಡಿಮೆ ಮಾಡಬಹುದು, ಜೊತೆಗೆ ತೆಗೆದುಕೊಳ್ಳಲು ಅಡ್ಡಿಯಿಲ್ಲ.