ಜಪಾನಿನ ‘ಕ್ಯಾಂಡೀಸ್’ ಗಾಯಕಿಯರು ಜನಪ್ರಿಯತೆಯ ತುತ್ತತುದಿಯಲ್ಲಿದ್ದಾಗಲೇ ಏಕೆ ಬೇರ್ಪಟ್ಟರು?

ದಣಿದಿದ್ದರು, ಅಷ್ಟೇ. 1973ರಲ್ಲಿ ಮೊದಲ ಹಾಡು ತಂದ ರಾನ್, ಸೂ, ಮಿಕಿ ಮೂವರಿಗೂ ಟಿವಿ, ಧ್ವನಿಮುದ್ರಣ, ಊರೂರು ಪ್ರದರ್ಶನಗಳ ನಡುವೆ ಸ್ವಂತ ಬದುಕೇ ಉಳಿದಿರಲಿಲ್ಲ. ಐಡಲ್ ಎನಿಸಿಕೊಂಡ ಎಳೆಯ ತಾರೆಯರ ದಿನಚರಿಯೆಲ್ಲ ನಿರ್ವಹಣಾ ಸಂಸ್ಥೆಯ ಕೈಯಲ್ಲಿರುತ್ತಿತ್ತು. ಹಾಗಾಗಿ 1977ರ ಜುಲೈ 17ರಂದು ಟೋಕಿಯೊದ ಹಿಬಿಯಾ ಬಯಲು ರಂಗಮಂದಿರದಲ್ಲಿ, ಸಂಸ್ಥೆಯ ಒಪ್ಪಿಗೆಗೂ ಕಾಯದೆ, ಮತ್ತೆ ಸಾಮಾನ್ಯ ಹುಡುಗಿಯರಾಗಬೇಕೆಂದು ಅಳುತ್ತಲೇ ಘೋಷಿಸಿಬಿಟ್ಟರು. ಎಂಥ ಎದೆಗಾರಿಕೆ! ವಿದಾಯ 1978ರ ಏಪ್ರಿಲ್‌ಗೆ ನಿಗದಿಯಾಯಿತು. ಆ ಗಡುವೇ ಅಭಿಮಾನಿಗಳನ್ನು, ಅದರಲ್ಲೂ ಕಾಲೇಜು ಹುಡುಗರನ್ನು, ಬಡಿದೆಬ್ಬಿಸಿತು: ಪಟ್ಟುಹಿಡಿದು ರೆಕಾರ್ಡ್ ಕೊಂಡು, ವಿದಾಯದ ಹಾಡಿಗೆ ಅದುವರೆಗೆ ಎಂದೂ ದಕ್ಕದ ಮೊದಲ ಸ್ಥಾನ ಕೊಡಿಸಿದರು. ಏಪ್ರಿಲ್ 4ರಂದು ಕೊರಾಕುಯೆನ್ ಕ್ರೀಡಾಂಗಣದಲ್ಲಿ ಸುಮಾರು 55,000 ಮಂದಿ ಸೇರಿದ್ದರು. ರಾನ್ ಮತ್ತು ಸೂ ಮುಂದೆ ನಟಿಯರಾಗಿ ಮರಳಿದರು.